ಡಾಕ್ಟರಿಗೆ ಅಜ್ಜಿಯ ಪಾಠ

ಮಕ್ಕಳೇ, ಬಿ.ಕಾಂ. ಅಂಕಪಟ್ಟಿ ನನಗೆ ಬ್ಯಾಂಕಿನ ನೌಕರಿ ಕೊಡಿಸಿತು. ನೋಟಿನ ಕಟ್ಟು ಎಣಿಸಲು ಕಲಿಸಿದ್ದು ಮಾತ್ರ ಕೌಂಟರು. ವೈದ್ಯವಿದ್ಯೆಯೂ ಹಾಗೆಯೇ. ಸೂಜಿಮದ್ದಿನ ಬಗ್ಗೆ ನಾಲ್ಕು ಪುಟ ಬರೆದರೆ ಸಾಲದು, ಸರಿಯಾಗಿ ಚುಚ್ಚುವುದು ಕೈಗೆ ಬರಬೇಕು.

ಅದಕ್ಕೇ 2019ರಿಂದ ದೇಶದಲ್ಲಿ ಎಂ.ಬಿ.ಬಿ.ಎಸ್. ಕಲಿಸುವ ರೀತಿ ಬದಲಾಗಿದೆ. ನಮ್ಮ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಅದೇ ಕ್ರಮ. ಬರೆಯುವ ಪರೀಕ್ಷೆಯ ಜೊತೆಗೆ ಮಾಡಿ ತೋರಿಸಬೇಕು. ಗುರುಗಳು ಕಣ್ಣಾರೆ ನೋಡಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಎಷ್ಟೋ ಕೆಲಸಗಳನ್ನು ಮೊದಲು ಗೊಂಬೆಯ ಮೇಲೆ ಕಲಿಯುತ್ತಾರೆ. ರೋಗಿಯೊಡನೆ ಮಾತಾಡುವ ಬಗೆಯೂ, ಊರಿನ ಭಾಷೆಯೂ ಪಾಠದಲ್ಲಿವೆ. ಈಗ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಅವರ ಆರೋಗ್ಯವನ್ನು ವಿಚಾರಿಸುತ್ತಿರಬೇಕು.

ನಮ್ಮ ಪಾಲಿನ ಕೆಲಸ ಇಲ್ಲಿದೆ. ಕುಂದಗೋಳದ ಅಜ್ಜಿ "ಕಾಲು ಜುಮ್ ಅಂತಾವ ನೋಡವ್ವಾ" ಅಂದರೆ, ಆ ಮಾತು ಇಂಗ್ಲಿಷ್ ಪುಸ್ತಕದಲ್ಲಿ ಸಿಗದು. ಹಿರಿಯರೇ, ಬಿಳಿಕೋಟಿನ ಹುಡುಗಿ ಬಂದರೆ ಬರೀ ಚಹಾ ಕೊಟ್ಟು ಕಳಿಸಬೇಡಿ. ನೋವು ಎಲ್ಲಿ, ಯಾವಾಗಿನಿಂದ ಎಂದು ಬಿಡಿಸಿ ಹೇಳಿ. ಮಕ್ಕಳೇ, ಅಜ್ಜಿ ಹೆಸರು ಮರೆತ ಗುಳಿಗೆಯ ಪಾಕೀಟು ತಂದು ತೋರಿಸಿ. ರೋಗಿಯ ಮಾತು ಕೇಳುವುದನ್ನು ಆಕೆ ಕಲಿಯುವುದು ನಿಮ್ಮ ಮನೆಯ ಕಟ್ಟೆಯ ಮೇಲೆಯೇ.