ಮಗನನ್ನು ತಡೆದ ತಂದೆ

ರಾಜರಾಜೇಶ್ವರಿನಗರದ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕರಾವಳಿ ಮೂಲದವರೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಊರಿಗೆ ತೆರಳಿದಾಗ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೂ ಮಕ್ಕಳನ್ನು ಕರೆದೊಯ್ಯುವುದುಂಟು. ಅಲ್ಲಿನ ಚಿತ್ರಗಳನ್ನು ತಲೆಯೆತ್ತಿ ನೋಡಿ, ಮೆಚ್ಚಿ, ಹೊರಬರುತ್ತೇವೆ. ಅವು ಹೇಳುವ ಕಥೆ ಮಾತ್ರ ಹೆತ್ತವರಿಗೆ ಅಷ್ಟೇನೂ ಹಿತವಾದುದಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಗೋಡೆ ಚಾವಣಿಗಳನ್ನು ಚಿತ್ರಿಸಿದವರು ಇಟಲಿಯ ಬೆರ್ಗಾಮೊ ಪ್ರಾಂತ್ಯದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ (1854–1905). ಕಾಲ ಬರೋಕ್ ಯುಗದ್ದಲ್ಲವಾದರೂ ಪರಂಪರೆ ಅದರದೇ. ಅವರಿಗಿಂತ ಎರಡು ಶತಮಾನ ಮೊದಲು ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಚಾವಣಿಗೆ ಬಣ್ಣ ತುಂಬಿದ ಅಂದ್ರೆಯ ಪೊಜೊ ಕೂಡ ಯೇಸುಸಭೆಯ ಸಹೋದರರೇ. ಸಂತ ಅಲೋಶಿಯಸರ ಸಮಾಧಿ ಇರುವುದೂ ಅದೇ ದೇವಾಲಯದಲ್ಲಿ.

ಅಲೋಶಿಯಸರಿಗೆ ಭಕ್ತಿಯ ಪಾಠ ದೊರೆತದ್ದು ತಾಯಿ ಮಾರ್ತಾರಿಂದ. 1580ರಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸಿದರು. ಸಿರಿವಂತ ತಂದೆ ಫೆರಾಂತೆಯವರಿಗೆ ಮಗ ಯೋಧನಾಗಬೇಕೆಂಬ ಆಸೆ. ಮಗನೋ 1585ರಲ್ಲಿ ವಾರಸಿನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಕ್ಕೆ ಹೊರಟ. 1591ರಲ್ಲಿ ರೋಮಿನಲ್ಲಿ ಸೋಂಕು ಹರಡಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಸಾಗಿಸಿ, ತಾನೂ ಸೋಂಕಿಗೆ ತುತ್ತಾಗಿ ಜೂನ್ 21ರಂದು ತೀರಿಕೊಂಡ. ವಯಸ್ಸು ಇಪ್ಪತ್ತಮೂರು.

ಮೊಸ್ಕೇನಿಯವರು ಈ ಸೇವೆಯ ದೃಶ್ಯವನ್ನು ಚಿತ್ರಿಸಿದ ದಿನಗಳಲ್ಲಿ ಪ್ಲೇಗ್ ನಮ್ಮ ನಾಡಿಗೂ ಹಳೆಯ ಕಥೆಯಾಗಿರಲಿಲ್ಲ. 1898ರಲ್ಲಿ ಬೆಂಗಳೂರಿಗೇ ಅದು ಕಾಲಿಟ್ಟಿತ್ತು. ಸೋಂಕಿಗೆ ಹೆದರಿ ಜನ ಮನೆಮಠ ತೊರೆದಿದ್ದರು. ಅಂಥ ಭಯ ಕಂಡವರ ಕಣ್ಣಿಗೆ ಆ ಚಿತ್ರ ಬರಿಯ ಅಲಂಕಾರವಾಗಿ ಕಂಡಿರಲಾರದು.

ನಮಗೂ ಆ ಭಯದ ಪರಿಚಯವಿದೆ. 2020ರಲ್ಲಿ ಮನೆಯ ಜಪಸರ ಒಂದು ಸಂಜೆಯೂ ತಪ್ಪಲಿಲ್ಲ. ಆದರೆ ಸೋಂಕು ತಗುಲಿದ ಪಕ್ಕದ ಮನೆಯ ಬಾಗಿಲಿಗೆ ಊಟ ಇಟ್ಟುಬರುತ್ತೇನೆಂದು ಹೊರಟ ಮಗನನ್ನು ಹೊಸ್ತಿಲಲ್ಲೇ ತಡೆದವರು ನಮ್ಮಲ್ಲೇ ಇದ್ದೇವೆ. ಎಚ್ಚರಿಕೆ ತಪ್ಪೆನ್ನಲಾರೆವು. ಪ್ರಾರ್ಥಿಸುವ ಮಗನೆಂದರೆ ಹೆಮ್ಮೆ, ಪ್ರಾರ್ಥಿಸಿ ಎದ್ದು ಹೊರಟ ಮಗನೆಂದರೆ ಆತಂಕ ಎಂಬುದನ್ನಾದರೂ ಒಪ್ಪಿಕೊಳ್ಳೋಣ.

ಮುಂದಿನ ರಜೆಯಲ್ಲಿ ಆ ಚಿತ್ರದೆದುರು ನಿಂತಾಗ ಮಗುವೊಂದು, "ಅವರ ಅಪ್ಪ ಒಪ್ಪಿದರಾ?" ಎಂದು ಕೇಳಬಹುದು. ಫೆರಾಂತೆಯವರು ಒಪ್ಪಿದರು, ವರ್ಷಗಳ ಕಾಲ ತಡೆದ ಬಳಿಕ.