ಎಲೆಚುಕ್ಕಿಯನ್ನೂ ನಾಯ್ಸ್ ಅಂದುಕೊಳ್ಳುವ ಫೋನು

ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದಾಗಿನಿಂದ ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಸೋಗೆಯ ಫೋಟೋಗಳದ್ದೇ ಓಡಾಟ. ಕೆಳಗೆ ಒಂದು ಸಾಲು: "ಇದು ಎಲೆಚುಕ್ಕಿಯಾ, ಬೇರೆ ಏನಾದರೂನಾ, ನೋಡಿ ಹೇಳಿ ಸಾರ್." ಹೆಚ್ಚಿನವು ಮಳೆಗಾಲದ ಸಂಜೆ, ತೋಟದ ಮಬ್ಬಿನಲ್ಲಿ, ಕೆಳಗೆ ನಿಂತು ಜೂಮ್ ಮಾಡಿ ತೆಗೆದವು. ಬೆರಳಿಟ್ಟು ದೊಡ್ಡದು ಮಾಡಿದರೆ ಸೋಗೆ ಹಸಿರು ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗೆ. ದೊಡ್ಡ ಮಚ್ಚೆಗಳೇನೋ ಕಾಣುತ್ತವೆ. ಆದರೆ ಈಗಷ್ಟೇ ಶುರುವಾದ ಸಣ್ಣ ಚುಕ್ಕಿ, ಯಾವುದನ್ನು ನೋಡಿದರೆ ಔಷಧಿ ಹೊಡೆಯಲು ಇನ್ನೂ ಸಮಯ ಇರುತ್ತದೋ ಅದು, ಕಾಣುವುದಿಲ್ಲ. ಫೋಟೋ ತೆಗೆದವರ ತಪ್ಪಲ್ಲ ಇದು. ಫೋನೇ ಅಳಿಸಿರುತ್ತದೆ.

ಬೆಳಕು ಕಡಿಮೆ ಇದ್ದಾಗ ಫೋಟೋದ ಮೇಲೆ ಮರಳು ಎರಚಿದ ಹಾಗೆ ಕಾಳು ಕಾಳು ಬರುತ್ತದಲ್ಲ, ಅದೇ ನಾಯ್ಸ್. ಅಂಗಳದಲ್ಲಿ ಸಾಲಾಗಿ ಲೋಟ ಇಟ್ಟಿದ್ದೀರಿ ಅಂದುಕೊಳ್ಳಿ. ನಾಲ್ಕು ಹನಿ ತುಂತುರು ಬಿದ್ದರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು. ಜಡಿಮಳೆ ಬಂದರೆ ಎಲ್ಲ ಲೋಟವೂ ಹೆಚ್ಚುಕಡಿಮೆ ಸಮ. ಬೆಳಕೂ ಹೀಗೇ ಕಣ ಕಣವಾಗಿ ಬೀಳುತ್ತದೆ. ಒಂದು ಚುಕ್ಕೆಗೆ ಸರಾಸರಿ 100 ಕಣ ಬಿದ್ದರೆ 10ರಷ್ಟು ಏರುಪೇರು, ಅಂದರೆ ಶೇ. 10. ಅದೇ 10,000 ಬಿದ್ದರೆ ಏರುಪೇರು 100, ಅಂದರೆ ಶೇ. 1 ಮಾತ್ರ. ಫೋನಿನ ಸೆನ್ಸರ್ ಚಿಕ್ಕದು, ಲೋಟಗಳೂ ಚಿಕ್ಕವು. ಐಎಸ್‌ಒ ಏರಿಸಿದರೆ ಹೊಸ ಬೆಳಕೇನೂ ಬರುವುದಿಲ್ಲ, ಬಿದ್ದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ, ಏರುಪೇರನ್ನೂ ಸೇರಿಸಿ.

ಇದನ್ನು ತೆಗೆಯುವ ತಂತ್ರಾಂಶ ಅಕ್ಕಪಕ್ಕದ ಚುಕ್ಕೆಗಳನ್ನು ಹೋಲಿಸಿ, ಸರಾಸರಿ ಮಾಡಿ ನುಣುಪು ಮಾಡುತ್ತದೆ. ಎಷ್ಟು ಏರುಪೇರು ನಾಯ್ಸಿನದ್ದು, ಎಷ್ಟು ಸೋಗೆಯದ್ದೇ ಅಂತ ಅದಕ್ಕೆ ಹೇಳಿಕೊಡುವುದು ನಾಯ್ಸ್ ಪ್ರೊಫೈಲ್. ಕ್ಯಾಮೆರಾದ ನಾಯ್ಸಿನ ಜಾತಕ ಅನ್ನಿ: ಯಾವ ಐಎಸ್‌ಒಗೆ ಎಷ್ಟು, ನೆರಳಿನಲ್ಲಿ ಎಷ್ಟು, ಬಿಸಿಲಿನಲ್ಲಿ ಎಷ್ಟು, ಕಾಳು ಸಣ್ಣದೋ ದಪ್ಪವೋ, ಬಣ್ಣದ್ದೆಷ್ಟು. ಡಾರ್ಕ್‌ಟೇಬಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಹಲವು ಕ್ಯಾಮೆರಾ ಮಾದರಿಗಳಿಗೆ ಇದನ್ನು ಮೊದಲೇ ಅಳೆದು ಇಟ್ಟಿದ್ದಾರೆ. ನೀಟ್ ಇಮೇಜ್ ಅನ್ನುವುದು ಫೋಟೋದಲ್ಲೇ ಒಂದು ಖಾಲಿ ಜಾಗ ತೋರಿಸಿ ಅನ್ನುತ್ತದೆ, ಅದನ್ನು ನೋಡಿ ಕಲಿಯುತ್ತದೆ.

ನಮ್ಮ ತಕರಾರು ಇರುವುದು ಇಲ್ಲಿ. ಸಿದ್ಧ ಪ್ರೊಫೈಲ್ ಹಾಕಿ, ಬಟನ್ ಒತ್ತಿ, ಮುಗಿಯಿತು ಅನ್ನುವವರೇ ಜಾಸ್ತಿ. ಖಾಲಿ ಜಾಗ ಅಂದರೆ ಸುಣ್ಣ ಬಳಿದ ಗೋಡೆ, ಮೋಡ ಮುಚ್ಚಿದ ಬಾನು, ಅಂಥದ್ದು. ಸೋಗೆಯನ್ನೇ ತೋರಿಸಿದರೆ ಅದರ ನರ, ಚುಕ್ಕಿ ಎಲ್ಲವೂ ನಾಯ್ಸ್ ಅಂತ ಅದು ಕಲಿತುಬಿಡುತ್ತದೆ. ಆಮೇಲೆ ಅದು ಮಾಡುವುದು ಹೇಳಿಕೊಟ್ಟ ಕೆಲಸವನ್ನೇ.

ಬಣ್ಣದ ನಾಯ್ಸ್, ಆ ಕೆಂಪು ನೀಲಿ ಮಚ್ಚೆಗಳಿವೆಯಲ್ಲ, ಅದನ್ನು ಎಷ್ಟು ಬೇಕಾದರೂ ತೆಗೆಯಿರಿ, ಬೆಳಕಿನ ನಾಯ್ಸಿಗೆ ಮಾತ್ರ ಕೈ ಹಗುರ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ಮುಖಕ್ಕೆ ಆ ಮಾತು ಸರಿ. ಎಲೆಚುಕ್ಕಿಗೆ ಅದೂ ಪೂರ್ತಿ ಸರಿಯಲ್ಲ. ಕಂದು ಚುಕ್ಕಿಯ ಸುತ್ತ ಒಂದು ಹಳದಿ ಉಂಗುರ ಇರುತ್ತದೆ. ಬಣ್ಣದ ಸ್ಲೈಡರ್ ಕೊನೆಗೆ ಎಳೆದರೆ ಆ ಹಳದಿ ಹಸಿರಿನಲ್ಲಿ ಕದಡಿಹೋಗುತ್ತದೆ. ಪೂರ್ಣ ಗಾತ್ರದಲ್ಲಿ ಚುಕ್ಕಿಯನ್ನೇ ನೋಡುತ್ತಾ ಸ್ಲೈಡರ್ ಸರಿಸಬೇಕು, ಬೇರೆ ದಾರಿ ಇಲ್ಲ.

ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಬಣ್ಣದ ವೇಷದ ಚುಟ್ಟಿ ಗೊತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚುಕ್ಕಿ ಮುಖಕ್ಕೆ ಇಡುತ್ತಾ ಕಲಾವಿದರು ತಾಸುಗಟ್ಟಲೆ ಕೂತಿರುತ್ತಾರೆ. ರಾತ್ರಿ ಆಟದ ಫೋಟೋ ಕಳಿಸಿದರೆ ಡೆಸ್ಕಿನವರಿಗೆ "ಕ್ಲೀನ್" ಆಗಿ ಬೇಕು. ಕ್ಲೀನ್ ಮಾಡಿದರೆ ರಾಕ್ಷಸನ ಮುಖಕ್ಕೆ ಮೈದಾ ಮೆತ್ತಿದ ಹಾಗಾಗುತ್ತದೆ.

ಹಾಗಾದರೆ ಮುಟ್ಟದೇ ಕಳಿಸಿ ಅನ್ನಬಹುದು. 2015ರಲ್ಲಿ ರಾಯಿಟರ್ಸ್ ಸಂಸ್ಥೆ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ರಾ ಫೈಲಿನಿಂದ ತಯಾರಿಸಿದ ಫೋಟೋ ಬೇಡ, ಕ್ಯಾಮೆರಾದಲ್ಲೇ ಆದ ಜೆಪೆಗ್ ಕಳಿಸಿ ಅಂದಿತ್ತು. ಸುದ್ದಿಯ ನೈತಿಕತೆಯ ಕಾಳಜಿ ನಮಗೂ ಅರ್ಥವಾಗುತ್ತದೆ. ಆದರೆ ಜೆಪೆಗ್ ಕೂಡ ಮುಟ್ಟದ ಫೋಟೋ ಅಲ್ಲ. ಕ್ಯಾಮೆರಾ ಕಂಪನಿಯವರು ಎಲ್ಲೋ ಕೂತು ನಿಗದಿ ಮಾಡಿದ ನುಣುಪು ಅದರೊಳಗೆ ಆಗಲೇ ಕೂತಿರುತ್ತದೆ. ನಮ್ಮ ತೋಟ, ನಮ್ಮ ಆಟ ಅವರು ನೋಡಿಲ್ಲ.

ಫೋನ್ ಮಾತ್ರ ಇರುವವರು ಏನು ಮಾಡಬೇಕು? ಕಂಪ್ಯೂಟರಿನ ಸಹವಾಸವೇ ಬೇಡ, ಬೆಳಕು ಜಾಸ್ತಿ ಮಾಡಿಕೊಳ್ಳಿ. ರೋಗ ಮೊದಲು ಕಾಣುವುದು ಕೆಳಗಿನ ಸೋಗೆಯಲ್ಲಿ. ದೋಟಿ ಹಾಕಿ ಒಂದು ತುಂಡು ಇಳಿಸಿ, ಹಗಲಲ್ಲಿ ಅಂಗಳಕ್ಕೆ ತಂದು ಬಿಳಿ ಹಾಳೆಯ ಮೇಲಿಟ್ಟು, ಜೂಮ್ ಇಲ್ಲದೆ ತೆಗೆಯಿರಿ. ನೈಟ್ ಮೋಡ್ ಹಲವು ಫೋಟೋ ತೆಗೆದು ಕೂಡಿಸುತ್ತದೆ. ನಾಲ್ಕು ಕೂಡಿಸಿದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ, ನಿಜ, ಆದರೆ ಗಾಳಿಗೆ ಸೋಗೆ ಅಲ್ಲಾಡಿದರೆ ಎಲ್ಲ ಕಲಸಿಹೋಗುತ್ತದೆ. ಬ್ಯೂಟಿ, ಫಿಲ್ಟರ್ ಆಫ್ ಇರಲಿ. ಪ್ರೊ ಮೋಡಿನಲ್ಲಿ ರಾ ಇದ್ದರೆ ಅದನ್ನೂ ಉಳಿಸಿಕೊಳ್ಳಿ.

ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಮತ್ತೆ ಹಿಂಡಿ ಚಿಕ್ಕದು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಗುಂಪಿನಲ್ಲಿರುವ ತೋಟಗಾರಿಕೆ ಇಲಾಖೆಯವರು "ಚೆನ್ನಾಗಿರೋ ಫೋಟೋ ಹಾಕಿ" ಅನ್ನುವ ಬದಲು "ಕಾಳು ಕಾಳಾಗಿದ್ದರೂ ಪರವಾಗಿಲ್ಲ, ಒರಿಜಿನಲ್ ಹಾಕಿ" ಅಂದರೆ ಅರ್ಧ ಕೆಲಸ ಆದ ಹಾಗೆ.