ಅಟ್ಟದ ಮೇಲಿನ ಅಜ್ಜನ ರೈಫಲ್: ಮನೆಯಲ್ಲಿ ಇಡಬಹುದು, ತೋರಿಸಲು ಒಯ್ಯೋದು ಹೇಗೆ?

ಬೀದರ್: ಅಮೆರಿಕದ ಹರಾಜಿನಲ್ಲಿ ಹಳೇ ರೈಫಲ್‌ಗೆ ಲಕ್ಷಗಟ್ಟಲೆ ಬಂತು ಅನ್ನೋ ವಿಡಿಯೋಗಳು ಮೊಬೈಲ್‌ನಲ್ಲಿ ಓಡಾಡ್ತಾನೇ ಇರ್ತವೆ. ನೋಡಿದವರಿಗೆ ತಮ್ಮ ಮನೆಯ ಅಟ್ಟ ನೆನಪಾಗೋದು ಸಹಜ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ತನಕ ನಮ್ಮ ಜಿಲ್ಲೆ ನಿಜಾಮನ ಸಂಸ್ಥಾನದಲ್ಲಿತ್ತು. ರಜಾಕಾರರ ಕಾಲದ ಕಥೆ ಹೇಳುವ ಹಿರಿಯರ ಬಾಯಲ್ಲಿ ಬಂದೂಕಿನ ಮಾತು ಬಂದೇ ಬರ್ತದೆ. ಆದರೆ ಆ ಬಂದೂಕು ಇವತ್ತಿಗೂ ಮನೆಯಲ್ಲಿದ್ದರೆ ಅದು ಆಸ್ತಿಯೋ, ಕೇಸೋ? ಇದೇ ಈಗಿನ ಪ್ರಶ್ನೆ.

ಹಳೇದೆಲ್ಲ ಅಪರೂಪ ಅಲ್ಲ

ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣೋದು ಲಿವರ್ ರೈಫಲ್. ಟ್ರಿಗರ್ ಸುತ್ತ ಇರುವ ಕಬ್ಬಿಣದ ಹಿಡಿಯನ್ನು ಕೆಳಗೆಳೆದು ಮೇಲೆತ್ತಿದರೆ ಖಾಲಿ ಕಾಡತೂಸು ಹೊರಬಿದ್ದು ಹೊಸದು ಒಳಗೆ ಕೂರುತ್ತದೆ. 1860ರ ಹೆನ್ರಿ, 1873ರ ವಿಂಚೆಸ್ಟರ್ ಇದರಲ್ಲಿ ಹೆಸರಾದವು. ಬ್ರಿಟಿಷ್ ಸೈನ್ಯ 1871ರಲ್ಲಿ ತಂದ ಮಾರ್ಟಿನಿ-ಹೆನ್ರಿಗೂ ಕೆಳಗೆ ಲಿವರ್ ಇದೆ. ಆದರೆ ಅದು ಒಂದು ಸಲಕ್ಕೆ ಒಂದೇ ಗುಂಡಿನದು. ಇನ್ನೊಂದು ಮಾತು: 1873ರ ವಿಂಚೆಸ್ಟರ್ 7 ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು, 1894ರ ಮಾದರಿ 70 ಲಕ್ಷ ದಾಟಿತ್ತು. ವಯಸ್ಸಾಯ್ತು ಅಂದ ಮಾತ್ರಕ್ಕೆ ಬೆಲೆ ಬರೋದಿಲ್ಲ.

ಅಲ್ಲಿನ ರೇಟು ಇಲ್ಲಿಗೆ ಹೊಂದೋದೂ ಇಲ್ಲ. ಅಮೆರಿಕದಲ್ಲಿ 1898ರೊಳಗೆ ತಯಾರಾದ ಬಂದೂಕು ಕೇಂದ್ರ ಕಾನೂನಿನ ಪ್ರಕಾರ ‘ಪುರಾತನ’. ನಮ್ಮಲ್ಲಿ ಲೆಕ್ಕವೇ ಬೇರೆ.

ಕಾನೂನು ಏನು ಹೇಳ್ತದೆ?

1959ರ ಆಯುಧ ಕಾಯ್ದೆಯ 45ನೇ ಕಲಂ ಪ್ರಕಾರ, ಹಳೇ ಮಾದರಿಯ ಅಥವಾ ಕೆಟ್ಟುಹೋದ ಆಯುಧ ರಿಪೇರಿ ಮಾಡಿದರೂ ಗುಂಡು ಹಾರಿಸದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯ್ದೆ ಅದಕ್ಕೆ ತಾಗೋದಿಲ್ಲ. ‘ರಿಪೇರಿ ಮಾಡಿದರೂ’ ಅನ್ನೋ ಮಾತನ್ನು ಗಮನಿಸಿ. ತುಕ್ಕು ಹಿಡಿದಿದೆ ಅನ್ನೋದು ಸಾಲದು.

2019ರ ಡಿಸೆಂಬರ್ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದದ್ದೂ ಇದೇ ಲೆಕ್ಕದೊಳಗೆ. ಮುಂದೆ 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಇಲಾಖೆ ಒಂದು ಬಾಗಿಲು ತೆರೆಯಿತು: ‘ಕ್ಯೂರಿಯೋ’, ಅಂದ್ರೆ ಅಪರೂಪದ ಹಳೇ ವಸ್ತು ಅಂತ ಪರಿಗಣಿಸುವ ಸಣ್ಣ ಆಯುಧವನ್ನು ಪಡೆಯಲು, ಇಟ್ಟುಕೊಳ್ಳಲು ಭಾರತೀಯರಿಗೆ ಲೈಸೆನ್ಸ್ ಬೇಡ. ಆದರೆ ಬಳಸಲು, ಹೊತ್ತೊಯ್ಯಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್‌ನಲ್ಲಿ ಆ ಬಂದೂಕು ನಮೂದಾಗದೆ ಕಾಡತೂಸೂ ಸಿಗೋದಿಲ್ಲ.

ತೊಡಕು ಇರೋದು ಇಲ್ಲಿಯೇ

ಔರಾದ್ ತಾಲ್ಲೂಕಿನ ರೈತನೊಬ್ಬನ ಅಟ್ಟದಲ್ಲಿ ಅಜ್ಜನ ರೈಫಲ್ ಇದೆ ಅಂತ ಇಟ್ಟುಕೊಳ್ಳಿ. ಅದು ಕ್ಯೂರಿಯೋ ಹೌದೋ ಅಲ್ಲವೋ ಅನ್ನೋದು ಅವನ ಬಾಯಿಮಾತಿನಿಂದ ತೀರ್ಮಾನ ಆಗೋದಿಲ್ಲ, ತಿಳಿದವರು ನೋಡಬೇಕು. ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿ ಕಚೇರಿ ಇರೋದು ಸುಮಾರು 40 ಕಿಲೋಮೀಟರ್ ದೂರದ ಬೀದರ್‌ನಲ್ಲಿ. ತೋರಿಸಲಿಕ್ಕೆಂದು ಚೀಲದಲ್ಲಿ ಸುತ್ತಿ ಬಸ್ ಹತ್ತಿದರೆ ಅದೇ ‘ಸಾಗಾಟ’ ಆಗ್ತದೆ! ಹೀಗಾಗಿ ಪ್ರಾಮಾಣಿಕ ಮನುಷ್ಯ ಸುಮ್ಮನೆ ಕೂರ್ತಾನೆ. ಇಲ್ಲವೇ ರಾತ್ರೋರಾತ್ರಿ ಭಂಗಾರ್ ಅಂಗಡಿಗೆ ಹಾಕ್ತಾನೆ. ಎರಡರಲ್ಲೂ ನಷ್ಟ ಜಿಲ್ಲೆಯ ಇತಿಹಾಸಕ್ಕೆ.

ಕೊಡಗಿನ ಕಡೆ ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದ್ದು, ಅದು 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅಲ್ಲಿನ ಸಂಪ್ರದಾಯ ಬೇರೆ, ನಮಗೆ ಅಂಥ ವಿನಾಯಿತಿ ಬೇಕಿಲ್ಲ. ಬೇಕಿರೋದು ಒಂದು ಸರಳ ದಾರಿ. ಎಲೆಕ್ಷನ್ ಬಂದಾಗ ಲೈಸೆನ್ಸ್‌ದಾರರ ಬಂದೂಕುಗಳನ್ನು ಠಾಣೆಗಳಲ್ಲಿ ಜಮಾ ಮಾಡಿಸಿಕೊಳ್ಳುವ ಆಡಳಿತಕ್ಕೆ, ವರ್ಷಕ್ಕೊಮ್ಮೆ ಭಾಲ್ಕಿ, ಔರಾದ್‌ನಲ್ಲಿ ಪರಿಶೀಲನಾ ಶಿಬಿರ ನಡೆಸೋದು ಕಷ್ಟವೇ? ನಿಜವಾಗಿ ಅಪರೂಪದ್ದು ಸಿಕ್ಕರೆ, ಮಾಲೀಕರು ಒಪ್ಪಿದರೆ, ಬೀದರ್ ಕೋಟೆಯ ಮ್ಯೂಸಿಯಂನಲ್ಲಿ ಜಾಗ ಕೇಳಬಹುದು. ಬುರುಜಿನ ಮೇಲಿನ ತೋಪುಗಳನ್ನು ನೋಡಲು ಬರೋ ಮಂದಿ ಇದನ್ನೂ ನೋಡ್ತಾರೆ.

ಅಲ್ಲಿಯವರೆಗೆ ಓದುಗರು ನೆನಪಿಡಬೇಕಾದದ್ದು:

* ಬಂದೂಕನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ಫೋಟೋ ಹಚ್ಚಿ, ವಕೀಲರ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.
* ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ತಡ ಮಾಡದೆ ಠಾಣೆಗೆ ತಿಳಿಸಿ, ಜಮಾ ಮಾಡಿ. 2016ರ ನಿಯಮಗಳ ಪ್ರಕಾರ ವಾರಸುದಾರರು ಲೈಸೆನ್ಸ್ ಕೇಳಬಹುದು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ ಬದುಕಿರುವಾಗಲೇ ವಾರಸುದಾರರ ಹೆಸರು ಸೂಚಿಸಲು ಅವಕಾಶವಿದೆ.
* ಭಂಗಾರ್ ಅಂಗಡಿಯವರೇ, ಬಂದೂಕಿನ ನಳಿಗೆಯೂ ಕಾನೂನಿನ ಕಣ್ಣಲ್ಲಿ ಆಯುಧವೇ. ತೂಕದ ಕಬ್ಬಿಣ ಅಂತ ತಗೋಬೇಡಿ.
* ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸೋದು 1972ರ ಕಾಯ್ದೆಯಡಿ ನಿಷಿದ್ಧ. ‘ಫಾರಿನ್ ಪಾರ್ಟಿ ಇದೆ’ ಅನ್ನೋ ದಲಾಲರನ್ನು ದೂರ ಇಡಿ.

ನಿಯಮ ಬಂದು ವರ್ಷಗಳಾದವು. ಆದರೆ ಅದು ತಾಲ್ಲೂಕಿನ ಮನುಷ್ಯನ ಮನೆ ಬಾಗಿಲಿಗೆ ಬರೋ ತನಕ ಅಜ್ಜನ ರೈಫಲ್ ನೆನಪಿನ ವಸ್ತುವಲ್ಲ, ಮೊಮ್ಮಗನ ಎದೆಬಡಿತ. ಜಿಲ್ಲಾಡಳಿತ ಇದನ್ನು ಕೇಳಿಸಿಕೊಳ್ಳಲಿ.